ಜನ ಬಾರದಿದ್ದರೆ ಪರಿಸರ ಅಹವಾಲು ಸಭೆ ರದ್ದಾಗುತ್ತದೆಯೇ?

“ಅಹವಾಲು ಸಭೆಗೆ ಯಾರೂ ಹೋಗಬೇಡಿ. ಜನ ಸೇರದಿದ್ದರೆ ಸಭೆ ರದ್ದು, ಯೋಜನೆಯೂ ರದ್ದು.” ಊರಿನ ವಾಟ್ಸಾಪ್ ಗ್ರೂಪಿಗೆ ಇಂಥ ಸಂದೇಶ ಬಂದರೆ ಫಾರ್ವರ್ಡ್ ಮಾಡುವ ಮೊದಲು ಇದನ್ನು ಓದಿ.

ನಿಯಮ ಏನು?
ಗಣಿ, ಅಣೆಕಟ್ಟು, ದೊಡ್ಡ ಕಾರ್ಖಾನೆಯಂಥ ಅನೇಕ ಯೋಜನೆಗಳಿಗೆ ಪರಿಸರ ಅನುಮತಿ ಕೊಡುವ ಮುನ್ನ ಸ್ಥಳೀಯರ ಮಾತು ಕೇಳಬೇಕು. ಇದು ಕೇಂದ್ರ ಸರ್ಕಾರದ 2006ರ ಅಧಿಸೂಚನೆ. ಸಭೆಯನ್ನು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ಏರ್ಪಡಿಸುತ್ತದೆ. ಸಭೆ ಶುರುವಾಗಲು ಇಷ್ಟೇ ಜನ ಇರಬೇಕು ಎಂಬ ಕೋರಂ ಇಲ್ಲ ಎಂದು ಅದೇ ಅಧಿಸೂಚನೆ ಸ್ಪಷ್ಟವಾಗಿ ಹೇಳಿದೆ. ನೀವು ಹೋಗದಿದ್ದರೂ ಸಭೆ ನಡೆಯುತ್ತದೆ. ನಿಮ್ಮ ಮಾತು ಮಾತ್ರ ದಾಖಲಾಗುವುದಿಲ್ಲ.

ಎಲ್ಲರೂ ಹೋಗಿ ವಿರೋಧಿಸಿದರೆ?
ಆಗಲೂ ಯೋಜನೆ ತಾನಾಗಿ ರದ್ದಾಗದು. ಇದು ಮತದಾನವಲ್ಲ. ಆದರೆ ಸಭೆಯಲ್ಲಿ ಎದ್ದ ಆಕ್ಷೇಪಗಳಿಗೆ ಕಂಪನಿ ತನ್ನ ಅಂತಿಮ ವರದಿಯಲ್ಲಿ ಉತ್ತರಿಸಬೇಕು. ಅದನ್ನು ನೋಡಿ ತಜ್ಞರ ಸಮಿತಿ ಶಿಫಾರಸು ಮಾಡುತ್ತದೆ. ಹಾಗಾಗಿ ಬರೀ “ಬೇಡ” ಎನ್ನುವುದಕ್ಕಿಂತ, “ನಮ್ಮ ಕೆರೆಗೆ ನೀರು ತರುವ ಹಳ್ಳ ವರದಿಯಲ್ಲಿ ಏಕಿಲ್ಲ?” ಎಂದು ಕೇಳಿದರೆ ತಪ್ಪಿಸಿಕೊಳ್ಳುವುದು ಕಷ್ಟ.

ನಿಯಾಮಗಿರಿಯಲ್ಲಿ ಜನರೇ ಗಣಿ ನಿಲ್ಲಿಸಲಿಲ್ಲವೇ?
ಹೌದು. 2013ರಲ್ಲಿ ಒಡಿಶಾದ 12 ಗ್ರಾಮಸಭೆಗಳು ಬಾಕ್ಸೈಟ್ ಗಣಿಯನ್ನು ತಿರಸ್ಕರಿಸಿದವು. ಆದರೆ ಅವು ಅಹವಾಲು ಸಭೆಗಳಲ್ಲ. ಅರಣ್ಯ ಹಕ್ಕು ಕಾಯ್ದೆಯಡಿ, ಸುಪ್ರೀಂ ಕೋರ್ಟ್ ಆದೇಶದಂತೆ ನಡೆದ ಗ್ರಾಮಸಭೆಗಳು. ಎರಡನ್ನೂ ಒಂದೇ ಎಂದುಕೊಂಡಾಗ ಇಂಥ ಗೊಂದಲ ಹುಟ್ಟುತ್ತದೆ.

ನೀವೇನು ಮಾಡಬಹುದು?
• ಪ್ರಕಟಣೆ ಒಂದು ರಾಷ್ಟ್ರೀಯ ಮತ್ತು ಒಂದು ಪ್ರಾದೇಶಿಕ ಭಾಷೆಯ ದಿನಪತ್ರಿಕೆಯಲ್ಲಿ ಬರಬೇಕು. ಅಭಿಪ್ರಾಯ ತಿಳಿಸಲು ಕನಿಷ್ಠ 30 ದಿನ ಇರಬೇಕು.
• ಜಿಲ್ಲಾಧಿಕಾರಿ ಕಚೇರಿಯಲ್ಲಿ ಕರಡು ವರದಿ ನೋಡಿ. ಅದರ ಸಾರಾಂಶ ರಾಜ್ಯದ ಭಾಷೆಯಲ್ಲೂ ಇರಬೇಕು, ಅಂದರೆ ನಮ್ಮಲ್ಲಿ ಕನ್ನಡದಲ್ಲಿ.
• ಹೋಗಲಾಗದಿದ್ದರೆ ಆಕ್ಷೇಪವನ್ನು ಮಂಡಳಿಗೆ ಬರೆದು ಕೊಡಿ. ಸ್ವೀಕೃತಿ ಪಡೆಯಿರಿ.
• ಸಭೆಯ ವಿಡಿಯೊ ಚಿತ್ರೀಕರಣ ಕಡ್ಡಾಯ. ಕೊನೆಯಲ್ಲಿ ನಡಾವಳಿಯನ್ನು ಸ್ಥಳೀಯ ಭಾಷೆಯಲ್ಲಿ ಓದಿ ವಿವರಿಸಬೇಕು. ಅಲ್ಲಿಯವರೆಗೂ ಕೂತಿರಿ. ನಿಮ್ಮ ಮಾತು ಬಿಟ್ಟುಹೋಗಿದ್ದರೆ ಆಗಲೇ ಹೇಳಿ.

ತೀರ್ಮಾನ: ಸಂದೇಶ ತಪ್ಪು. ಫಾರ್ವರ್ಡ್ ಮಾಡುವುದಾದರೆ ಸಭೆಯ ದಿನಾಂಕ, ಸಮಯ, ಸ್ಥಳವನ್ನು ಮಾಡಿ.