ಮಾತಾಡುವ ಕೆರೆಯ ನೆಂಟರು

ಬ್ಯೂಟಿ ಪಾರ್ಲರಿಗೂ ಪಾರ್ಲಿಮೆಂಟಿಗೂ ಏನು ನಂಟು? ಎರಡು ಕಡೆಯೂ ಮಾತೇ ಜಾಸ್ತಿ ಎಂದು ಯಾರಾದರೂ ಚೇಷ್ಟೆ ಮಾಡಿದರೆ, ನಿಘಂಟೂ ತಲೆಯಾಡಿಸುತ್ತದೆ. ಎರಡೂ ಹುಟ್ಟಿದ್ದು ಫ್ರೆಂಚಿನ ‘ಪಾರ್ಲೇ’ ಎಂಬ ಮಾತಿನಿಂದ. ಅರ್ಥ, ಮಾತಾಡು.

ಈ ‘ಪಾರ್ಲೇ’ಯ ಹೆಸರಲ್ಲಿ ಅಮೆರಿಕದಲ್ಲೊಂದು ಕೆರೆಯೂ ಇದೆ. ಮಿನೆಸೋಟ ರಾಜ್ಯದ ಪಶ್ಚಿಮದಲ್ಲಿ ಮಿನೆಸೋಟ ನದಿಯೇ ಅಗಲಕ್ಕೆ ಹರಡಿಕೊಂಡ ನೀರು ಅದು. ಅಣೆಕಟ್ಟೂ ಇರುವುದರಿಂದ ಕೆರೆ ಎಂದರೆ ತಪ್ಪಿಲ್ಲ. ಹೆಸರು ‘ಲಾಕ್ ಕಿ ಪಾರ್ಲ್’, ಮಾತಾಡುವ ಕೆರೆ. ಚಳಿಗೆ ಮುಂಚೆ ದಕ್ಷಿಣಕ್ಕೆ ಹೊರಟ ಕೆನಡಾ ಹೆಬ್ಬಾತುಗಳು ಸಾವಿರಗಟ್ಟಲೆ ಇಲ್ಲಿ ಇಳಿಯುತ್ತವೆ. ಆ ಗದ್ದಲ ಕೇಳಿದವರು ಹೆಸರಿನ ಅರ್ಥ ಕೇಳಲಿಕ್ಕಿಲ್ಲ.

ಹೆಸರೇನೂ ಫ್ರೆಂಚರ ಸ್ವಂತದ್ದಲ್ಲ. ಅಲ್ಲಿನ ಮೂಲನಿವಾಸಿಗಳಾದ ಡಕೋಟ ಜನ ಇಟ್ಟಿದ್ದನ್ನು ಅವರು ತಮ್ಮ ಭಾಷೆಗೆ ತಿರುಗಿಸಿಕೊಂಡರು, ಅಷ್ಟೆ. ಆಮೇಲೆ ಬಂದ ಇಂಗ್ಲಿಷಿನವರು ಆ ಗೋಜಿಗೂ ಹೋಗದೆ, ಕೌಂಟಿಗೂ ಅದೇ ಹೆಸರಿಟ್ಟು ಸುಮ್ಮನಾದರು.

1835ರಲ್ಲಿ ಥಾಮಸ್ ವಿಲಿಯಮ್ಸನ್ ಎಂಬ ವೈದ್ಯ ಮಿಷನರಿ ಕೆರೆಯ ಬಳಿ ನೆಲೆ ನಿಂತರು. ಅಲ್ಲಿ ತುಪ್ಪಳದ ವ್ಯಾಪಾರ ನಡೆಸುತ್ತಿದ್ದ ಜೋಸೆಫ್ ರೆನ್‌ವಿಲ್‌ಗೆ ತಂದೆಯ ಕಡೆಯಿಂದ ಫ್ರೆಂಚ್, ತಾಯಿಯ ಕಡೆಯಿಂದ ಡಕೋಟ. ಅವರ ಮುಂದೆ ಫ್ರೆಂಚ್ ಬೈಬಲಿನ ಒಂದೊಂದೇ ವಾಕ್ಯ ಓದುವುದು, ಅವರು ಅದನ್ನು ಡಕೋಟದಲ್ಲಿ ಹೇಳುವುದು, ಮಿಷನರಿಗಳು ಬರೆದುಕೊಳ್ಳುವುದು. ಕೆರೆಯ ಹೆಸರು ಹೋದ ದಾರಿಯಲ್ಲೇ ಬೈಬಲು ಎದುರುಗಡೆಯಿಂದ ಬಂತು.

ಬೈಬಲಿಗೂ ‘ಪಾರ್ಲೇ’ ಪದಕ್ಕೂ ಹಳೇ ಪರಿಚಯ. ಗ್ರೀಕಿನ ‘ಪರಬೊಲೆ’ ಎಂದರೆ ಹೋಲಿಕೆ. ಅದು ಲ್ಯಾಟಿನ್ನಿಗೆ ಬಂದು ಯೇಸು ಹೇಳಿದ ಸಾಮ್ಯಗಳಿಗೆ ಹೆಸರಾಯಿತು. ಜನರ ಬಾಯಲ್ಲಿ ಸವೆದೂ ಸವೆದೂ, ಕಡೆಗೆ ಎಲ್ಲ ಮಾತಿಗೂ ಅದೇ ಹೆಸರಾಗಿ ‘ಪಾರ್ಲೇ’ ಎಂದು ಉಳಿಯಿತು.

ಮುಂದೆ ವಂಶ ಬೆಳೆಯಿತು. ಕ್ರೈಸ್ತ ಮಠಗಳಲ್ಲಿ ಮೌನ ಮುರಿಯಲು ಅಪ್ಪಣೆಯಿದ್ದ ಕೋಣೆ ಪಾರ್ಲರ್. ಈಗ ನಮ್ಮ ಬೀದಿಯಲ್ಲಿ ಹಾಲಿನ ಪಾರ್ಲರ್. ಓಡಿಹೋಗುವುದಿಲ್ಲ ಎಂದು ಸೆರೆಯಾಳು ಕೊಟ್ಟ ಮಾತೇ ಪೆರೋಲ್. ಪಾರ್ಲೆ ಬಿಸ್ಕತ್ತು ಮಾತ್ರ ಈ ಮನೆತನದ್ದಲ್ಲ, ಅದರ ಊರು ಮುಂಬೈಯ ವಿಲೆ ಪಾರ್ಲೆ.

ಡಕೋಟದಿಂದ ಫ್ರೆಂಚಿಗೆ ಬಂದ ಹೆಸರನ್ನು ಕನ್ನಡಕ್ಕೂ ಕರೆತರಬಹುದು. ನಮ್ಮಲ್ಲಿ ಕೆರೆಗೂ ಕರೆಗೂ ಒಂದು ಎತ್ವದಷ್ಟೇ ದೂರ. ‘ಕರೆಯುವ ಕೆರೆ’ ಎಂದರಾಯಿತು.