ಬಾವುಟಗುಡ್ಡೆಗೆ ಬಂದ ಕಾಲೇಜು

ನಿಪ್ಪಾಣಿ, ಚಿಕ್ಕೋಡಿ ಕಡೆಯ ಓದುವ ಹುಡುಗರಿಗೆ ಹತ್ತಿರವಾದ ಕೊಲ್ಹಾಪುರದ ರಾಜಾರಾಮ್ ಕಾಲೇಜು ಹುಟ್ಟಿದ್ದು 1880ರಲ್ಲಿ. ಅದೇ ವರ್ಷದ ಜನವರಿ 12ರಂದು ಮಂಗಳೂರಿನಲ್ಲಿ ಸಂತ ಅಲೋಶಿಯಸ್ ಕಾಲೇಜು ಆರಂಭವಾಯಿತು. ಒಂದು ಮುಂಬಯಿ ಸೀಮೆಯ ಅಂಚಿಗೆ, ಇನ್ನೊಂದು ಮದರಾಸು ಪ್ರಾಂತ್ಯದಲ್ಲಿ. ಕೊಲ್ಹಾಪುರದ್ದಕ್ಕೆ ಸಂಸ್ಥಾನದ ಆಸರೆಯಿತ್ತು. ಮಂಗಳೂರಿನದ್ದು ಜನ ಬೇಡಿ ಪಡೆದದ್ದು. ಈ ವ್ಯತ್ಯಾಸವನ್ನು ಮರೆತರೆ ಅಲೋಶಿಯಸ್ಸಿನ ಕಟ್ಟಡಗಳ ಕಥೆ ಅರ್ಥವಾಗುವುದಿಲ್ಲ.

ತಮ್ಮ ಮಕ್ಕಳಿಗೆ ಉನ್ನತ ಶಿಕ್ಷಣ ಕೊಡಬಲ್ಲ ಜೆಸ್ವಿಟರನ್ನು ಕಳಿಸಿಕೊಡಿ ಎಂದು ಮಂಗಳೂರಿನ ಕೆಥೋಲಿಕರು ರೋಮಿಗೆ ಮನವಿ ಮಾಡಿಕೊಂಡಿದ್ದರು. 1878ರಲ್ಲಿ ಪೋಪ್ ಹದಿಮೂರನೆಯ ಲಿಯೋ ಅವರು ಮಂಗಳೂರು ಮಿಷನ್ನನ್ನು ಜೆಸ್ವಿಟರಿಗೆ ವಹಿಸಿದರು. ಆ ವರ್ಷದ ಕೊನೆಯ ದಿನ, ಡಿಸೆಂಬರ್ 31ರಂದು, ಮೊದಲ ತಂಡ ಮಂಗಳೂರು ಮುಟ್ಟಿತು. ಒಂದು ವರ್ಷ ಕಳೆಯುತ್ತಲೇ ಪಾಠ ಶುರು! ಸ್ವಂತ ಕಟ್ಟಡಕ್ಕಾಗಿ ಅವರು ಕಾಯಲಿಲ್ಲ; ಕೊಡಿಯಾಲ್‌ಬೈಲಿನ ಒಂದು ಮನೆಯೇ ಕಾಲೇಜಾಯಿತು. ಮೊದಲು ಸೇರಿದವರು ಸುಮಾರು 150 ಮಂದಿ.

ಆ ತಂಡದ ಫಾದರ್ ಆಗಸ್ಟಸ್ ಮುಲ್ಲರ್ 1880ರಲ್ಲೇ ಕಂಕನಾಡಿಯಲ್ಲಿ ಬಡವರ ಹೋಮಿಯೋಪತಿ ಔಷಧಾಲಯ ತೆರೆದರು. ಇಂದಿನ ಫಾದರ್ ಮುಲ್ಲರ್ ಆಸ್ಪತ್ರೆಯ ಮೂಲ ಅದು. ಫಾದರ್ ಆಂಜೆಲೊ ಮಾಫೆಯಿ ಕೊಂಕಣಿ ವ್ಯಾಕರಣ, ನಿಘಂಟು ಬರೆದರು. ಅವು ಅಚ್ಚಾದದ್ದು ಪ್ರೊಟೆಸ್ಟೆಂಟರ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ. ಆ ಕಾಲದ ಮಂಗಳೂರಿನ ಈ ಕೊಡುಕೊಳ್ಳುವಿಕೆ ನಿಜಕ್ಕೂ ಸಂತೋಷ ಕೊಡುತ್ತದೆ.

ಆ ಮನೆಯಲ್ಲಿ ಎಷ್ಟು ದಿನ ಕಾಲೇಜು ನಡೆಸುವುದು? ಲಾರೆನ್ಸ್ ಲೋಬೊ ಪ್ರಭು ಈದ್ಗಾ ಗುಡ್ಡದ ಮೇಲೆ ವಿಶಾಲವಾದ ಜಾಗ ದಾನ ಕೊಟ್ಟರು. ಊರವರ ಬಾಯಲ್ಲಿ ಅದು ಬಾವುಟಗುಡ್ಡೆ. 1882ರಲ್ಲಿ ಅಲ್ಲಿ ಅಡಿಗಲ್ಲು ಬಿತ್ತು, 1885ರ ಹೊತ್ತಿಗೆ ಕಾಲೇಜು ಗುಡ್ಡ ಹತ್ತಿತು. ಫಾದರ್ ಜೋಸೆಫ್ ವಿಲ್ಲಿ ವಿನ್ಯಾಸ ಮಾಡಿದ ಪ್ರಾರ್ಥನಾ ಮಂದಿರವೂ ಆ ವರ್ಷಗಳದ್ದೇ. ಹೊರಗಿನಿಂದ ನೋಡಿದರೆ ಅದರಲ್ಲಿ ಅಂಥ ಆಡಂಬರವೇನೂ ಕಾಣದು. ಒಳಗೆ ಕಾಲಿಟ್ಟವರ ಕಣ್ಣು ಮಾತ್ರ ತಾನಾಗಿ ಮೇಲಕ್ಕೆ ಹೋಗುತ್ತದೆ.

ಆ ಬಣ್ಣವೆಲ್ಲ ಬ್ರದರ್ ಆಂಟೋನಿಯೊ ಮೊಸ್ಕೆನಿಯದು. ಇಟಲಿಯ ಬೆರ್ಗಾಮೊ ಬಳಿಯ ಸ್ಟೆಜಾನೊದಲ್ಲಿ 1854ರಲ್ಲಿ ಹುಟ್ಟಿದ, ಚಿತ್ರಕಲೆಯಲ್ಲೇ ಪಳಗಿದ್ದ ಆತ ಜೆಸ್ವಿಟ್ ಆಗಿ ಇಲ್ಲಿಗೆ ಬಂದ. 1899ರಿಂದ 1901ರವರೆಗೆ ಗೋಡೆ, ಮಾಡು, ಕಮಾನು ಯಾವುದನ್ನೂ ಬಿಡಲಿಲ್ಲ. ಹಸಿ ಗಾರೆಯ ಮೇಲೆ ಬಣ್ಣ ಹಚ್ಚುವ ಫ್ರೆಸ್ಕೊ ಕೆಲಸಕ್ಕೆ ಕೈ ವೇಗವಾಗಿರಬೇಕು. ಗಾರೆ ಒಣಗಿತೆಂದರೆ ತಿದ್ದಲು ಬರುವುದಿಲ್ಲ. ಕೆಲವು ಚಿತ್ರಗಳನ್ನು ಕ್ಯಾನ್ವಾಸಿನ ಮೇಲೆ ತೈಲವರ್ಣದಲ್ಲಿ ಬರೆದ. ಚಾವಣಿಯ ನಡುವೆ ಇರುವುದು ಅಲೋಶಿಯಸ್ ಗೊನ್ಜಾಗನ ಬದುಕು. ರೋಮಿನಲ್ಲಿ ಪ್ಲೇಗ್ ರೋಗಿಗಳ ಆರೈಕೆಗೆ ಇಳಿದು, 1591ರಲ್ಲಿ, ಇಪ್ಪತ್ಮೂರರ ಹರೆಯದಲ್ಲೇ ತೀರಿಕೊಂಡವನು ಆತ. ವಿದ್ಯಾರ್ಥಿಗಳ ಕಾಲೇಜಿಗೆ ಇದಕ್ಕಿಂತ ಒಪ್ಪುವ ಹೆಸರು ಸಿಗುತ್ತಿರಲಿಲ್ಲ.

ಮೊಸ್ಕೆನಿ ಊರಿಗೆ ಮರಳಲಿಲ್ಲ. 1905ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡ. ಕರಾವಳಿಯ ಮಳೆ, ತೇವಕ್ಕೆ ಸಿಕ್ಕಿ ಮಾಸಿದ್ದ ಆತನ ಚಿತ್ರಗಳನ್ನು 1990ರ ದಶಕದ ಮೊದಲಲ್ಲಿ ಇಂಟ್ಯಾಕ್ ಸಂಸ್ಥೆಯ ತಜ್ಞರು ಶುಚಿಗೊಳಿಸಿ, ಮತ್ತೆ ಗಟ್ಟಿಮಾಡಿಕೊಟ್ಟರು.