ಒತ್ತುಗುರುತು ಮತ್ತು ಪ್ರತ್ಯಯ: ಲಘು ಗುರುತುಭಾಷೆಗಳ ಚರಿತ್ರೆಯಲ್ಲಿ ಕುಂದಾಪ್ರ ಕನ್ನಡದ ದಾಖಲೀಕರಣ

ಆಡುನುಡಿಗಳ ದಾಖಲೀಕರಣಕ್ಕೆ ಸರಳ ಪಠ್ಯದ ಕಡತವೇ ಸುರಕ್ಷಿತವೆಂಬ ಅಭಿಪ್ರಾಯ ಭಾಷಾವಿಜ್ಞಾನಿಗಳಲ್ಲಿ ಬಹುಮಟ್ಟಿಗೆ ನೆಲೆಗೊಂಡಿದೆ. ಅಂತಹ ಕಡತವನ್ನು ಯಾವ ತಂತ್ರಾಂಶದಲ್ಲಾದರೂ ತೆರೆಯಬಹುದು, ದಶಕಗಳ ಬಳಿಕವೂ ಓದಬಹುದು. ಆದರೆ ಅದರೊಳಗೆ ಬಳಸುವ ಗುರುತುಗಳು ಭಾಷಾನಿರಪೇಕ್ಷವಲ್ಲ. ಕುಂದಾಪುರ, ಬೈಂದೂರು, ಬ್ರಹ್ಮಾವರ ಪರಿಸರದ ಕುಂದಾಪ್ರ ಕನ್ನಡವನ್ನು ನಿದರ್ಶನವಾಗಿರಿಸಿಕೊಂಡು ಈ ಅಂಶವನ್ನು ಇಲ್ಲಿ ಪರಿಶೀಲಿಸುತ್ತೇವೆ.

1980ರ ದಶಕದಲ್ಲಿ ಬಂದ ಷೂಬಾಕ್ಸ್ ತಂತ್ರಾಂಶವು ಪದ, ವ್ಯಾಕರಣವರ್ಗ, ಅರ್ಥ ಇವುಗಳಿಗೆ ಒಂದೊಂದು ಸಾಲನ್ನು ಮೀಸಲಿಟ್ಟು, ಪ್ರತಿ ಸಾಲಿನ ಆರಂಭದಲ್ಲಿ ಓರೆಗೆರೆಯ ಗುರುತನ್ನು ಇರಿಸಿತು. ಅಲ್ಲಿನ ಗುರುತು ಮಾಹಿತಿಯ ಬಗೆಯನ್ನು ಹೇಳುತ್ತಿತ್ತು. 1992ರ ಸೆಟೆಕ್ಸ್ಟ್, 2002ರ ಟೆಕ್ಸ್ಟೈಲ್, 2004ರಲ್ಲಿ ಜಾನ್ ಗ್ರೂಬರ್ ಪ್ರಕಟಿಸಿದ ಮಾರ್ಕ್‌ಡೌನ್ ಇವುಗಳ ಗುರಿ ಬೇರೆ. ಇ-ಅಂಚೆಯಲ್ಲಿ ರೂಢಿಯಾಗಿದ್ದ ನಕ್ಷತ್ರ, ಅಡಿಗೆರೆಗಳನ್ನೇ ಬಳಸಿ ಪಠ್ಯದ ತೋರಿಕೆಯನ್ನು ಸೂಚಿಸುವುದು ಅವುಗಳ ಉದ್ದೇಶವಾಗಿತ್ತು.

ಮೂಲ ಮಾರ್ಕ್‌ಡೌನ್‌ನಲ್ಲಿ ಪದದ ನಡುವಿನ ಅಡಿಗೆರೆಯೂ ಒತ್ತುಗುರುತಾಗಬಹುದಿತ್ತು. ಪ್ರೋಗ್ರಾಂಗಳಲ್ಲಿ ಅಡಿಗೆರೆ ಸೇರಿಸಿ ಬರೆಯುವ ಹೆಸರುಗಳು ಇದರಿಂದ ಕೆಡುತ್ತಿದ್ದ ಕಾರಣ ನಂತರದ ರೂಪಗಳು ಈ ಅವಕಾಶವನ್ನು ತೆಗೆದುಹಾಕಿದವು. 2014ರ ಕಾಮನ್‌ಮಾರ್ಕ್ ಅದನ್ನೇ ನಿಯಮವಾಗಿಸಿತು. ಪದಗಳ ನಡುವೆ ತೆರವಿರುವ ಇಂಗ್ಲಿಷಿಗೆ ಇದರಿಂದ ನಷ್ಟವಿಲ್ಲ. ಪ್ರತ್ಯಯಗಳು ಪ್ರಕೃತಿಗೆ ಅಂಟಿಕೊಳ್ಳುವ ಕನ್ನಡದ ಸ್ಥಿತಿ ಹಾಗಲ್ಲ. ‘ಹೋಗಬೇಕು’ ಎಂಬುದಕ್ಕೆ ಸಂವಾದಿಯಾದ ಕುಂದಾಪ್ರ ರೂಪವನ್ನು ಉದಾಹರಿಸುತ್ತ _ಹೋಯ್ಕ್_ನಲ್ಲಿ ಎಂದು ಬರೆದರೆ ಎರಡನೆಯ ಅಡಿಗೆರೆ ಮುಚ್ಚುಗುರುತಾಗುವುದಿಲ್ಲ. ಎರಡು ಅಡಿಗೆರೆಗಳೂ ಹಾಗೆಯೇ ಉಳಿಯುತ್ತವೆ. ನಕ್ಷತ್ರ ಬಳಸಿದರೆ ಈ ತೊಡಕಿಲ್ಲವಾದರೂ ‘ಹೋಯ್ಕ್’ನಲ್ಲಿ ಎಂದು ಉದ್ಧರಣ ಚಿಹ್ನೆಯನ್ನು ಒಳಗಿಟ್ಟೊಡನೆ ಅದೂ ವಿಫಲವಾಗುತ್ತದೆ. ಮುಚ್ಚುವ ನಕ್ಷತ್ರದ ಹಿಂದೆ ಲೇಖನಚಿಹ್ನೆಯಿದ್ದರೆ ಮುಂದೆ ತೆರವೋ ಇನ್ನೊಂದು ಚಿಹ್ನೆಯೋ ಇರಬೇಕೆಂಬುದು ನಿಯಮ, ಇಲ್ಲಿರುವುದು ಪ್ರತ್ಯಯ.

ಇದು ಕೇವಲ ಅಂದಚಂದದ ಪ್ರಶ್ನೆಯಲ್ಲ. ಅಸಾಧು ವಾಕ್ಯದ ಮುಂದೆ ನಾವು ಇಡುವ ನಕ್ಷತ್ರವು ಸಾಲಿನ ಆರಂಭದಲ್ಲಿದ್ದು ಅದರ ಬಳಿಕ ತೆರವಿದ್ದರೆ, ಮಾರ್ಕ್‌ಡೌನ್ ಅದನ್ನು ಪಟ್ಟಿಯ ಬಿಂದುವಾಗಿಸುತ್ತದೆ. ಭಾಷಿಕರು ಒಪ್ಪದ ವಾಕ್ಯವು ಒಪ್ಪಿತ ವಾಕ್ಯದಂತೆ ಮುದ್ರಿತವಾಗುತ್ತದೆ. ಪದಕ್ಕೆ ಪದ ಹೊಂದಿಸಿದ ಅರ್ಥಸಾಲುಗಳ ತೆರವುಗಳು ಕುಗ್ಗಿಹೋಗುತ್ತವೆ. ಅವುಗಳನ್ನು ಹಾಗೆಯೇ ಉಳಿಸುವ ಕೋಡ್‌ಖಂಡದಲ್ಲಿಯೂ ಕನ್ನಡದ ಅಕ್ಷರಗಳ ಅಗಲ ಸಮವಲ್ಲದ ಕಾರಣ ಸಾಲುಗಳು ಹೊಂದುವುದಿಲ್ಲ. ಲಿಪಿಯದು ಇನ್ನೊಂದು ತೊಡಕು. ‘ಊರಲ್ಲಿ’ ಎಂಬಲ್ಲಿ ಪ್ರಕೃತಿ-ಪ್ರತ್ಯಯಗಳ ಗಡಿ ‘ರ’ ಎಂಬ ಒಂದೇ ಅಕ್ಷರದೊಳಗಿದೆ. ‘ಊರ್-ಅಲ್ಲಿ’ ಎಂದು ಒಡೆಯದೆ ಅಲ್ಲಿ ಯಾವ ಗುರುತನ್ನೂ ಇಡಲಾಗದು. ಪದಾಂತ್ಯದ ಸ್ವರಲೋಪವೇ ಲಕ್ಷಣವಾಗಿರುವ ಕುಂದಾಪ್ರ ಕನ್ನಡದಲ್ಲಿ ಹೀಗೆ ಒಡೆದು ತೋರಿಸಿದ ‘ರ್’ ಹಾಗೂ ಉಚ್ಚಾರದಲ್ಲಿಯೇ ಇರುವ ‘ಕ್’ ಬರಹದಲ್ಲಿ ಒಂದೇ ಬಗೆಯಾಗಿ ಕಾಣುತ್ತವೆ. ಇವುಗಳ ಭೇದವನ್ನು ದಾಖಲೆಯೇ ಹೇಳಬೇಕು.

ಆದುದರಿಂದ ದಾಖಲೆಯ ಮೂಲಪ್ರತಿ ಮತ್ತು ಓದುಪ್ರತಿಗಳನ್ನು ಬೇರ್ಪಡಿಸುವುದು ಯುಕ್ತವೆಂದು ನಾವು ಭಾವಿಸುತ್ತೇವೆ. ರೂಪ, ವಿಭಜನೆ, ಅರ್ಥ, ಭಾಷಿಕರ ತೀರ್ಪು ಇವು ಷೂಬಾಕ್ಸ್‌ನ ಕ್ರಮದಂತೆ ಹೆಸರುಳ್ಳ ಪ್ರತ್ಯೇಕ ಸಾಲುಗಳಲ್ಲಿರಲಿ. ಲಘು ಗುರುತುಭಾಷೆ ಅದರಿಂದ ಸಿದ್ಧಪಡಿಸುವ ಓದುಪ್ರತಿಗೆ ಮಾತ್ರ ಸೀಮಿತವಾಗಲಿ. ಪ್ರಧಾನವಾಗಿ ಮಾತಿನಲ್ಲಿಯೇ ಉಳಿದಿರುವ ನುಡಿಯೊಂದರಲ್ಲಿ ಕಳೆದುಹೋದ ನಕ್ಷತ್ರವನ್ನು ಮರಳಿ ಪಡೆಯಲು ಭಾಷಿಕರನ್ನೇ ಮತ್ತೆ ಕೇಳಬೇಕಾಗುತ್ತದೆ. ಆ ಅವಕಾಶ ಎಂದೆಂದಿಗೂ ಇರುತ್ತದೆಂದು ಹೇಳಲಾಗದು.